ಹೆಸರಿಲ್ಲದ ಮೂರು ಚೀಟಿ

ನಾ ಮಸ್ಕತ್‌ನ ರೂವಿಗೆ ಬಂದು ಮೂವತ್ತು ವರ್ಷ ಆತು. ನನ್ನ ಚ್ಯಾಷ್ಟಿಗೆ ಬೀಳದ ಮನಶ್ಯಾ ಈ ಊರಾಗ ಇಲ್ಲ, ವೀಸಾ ಕೊಟ್ಟ ಮಾಲಕ, ನಮ್ಮ ಕಫೀಲ್‌ನ್ನೂ ಬಿಟ್ಟಿಲ್ಲ. ಆದರ ನನ್ನ ಖಾಸ ಬಕರಾ ಅಂದ್ರ ಇಬ್ಬರು ಬ್ರಿಟಿಷ್ ಮುದುಕ್ರು. ನಮ್ಮ ಕಂಪನಿಯಾಗ ಒಬ್ಬಾಂವ ಇಂಜಿನಿಯರ್ ಇದ್ದ, ಇನ್ನೊಬ್ಬಾಂವ ಆಡಿಟರ್. ಇಂಜಿನಿಯರ್ ಅಪ್ಪನ ಕಾಲದಿಂದ ಅವರ ದೇಶದ ಕೆಂಪು ಪಕ್ಷ, ಆಡಿಟರ್ ಅಜ್ಜನ ಕಾಲದಿಂದ ನೀಲಿ ಪಕ್ಷ.

ಶುಕ್ರವಾರ ಮುಂಜಾನೆ ಬಸ್‌ಸ್ಟ್ಯಾಂಡ್ ಬಾಜೂಕಿನ ಚಾದಂಗಡ್ಯಾಗ ಮೂವರೂ ಕೂಡತಿದ್ವಿ. ಏನ್ ಜಗಳ ಅಂತೀರಿ ಅವರದು! ತೆರಿಗಿ, ರೈಲು, ದವಾಖಾನಿ, ಚಾ ಆರಿ ಕೆನಿಗಟ್ಟೋ ತನಕ. ನಾ ನಡುವ ಕೂತು ಕಡ್ಡಿ ಆಡಸಾಂವ. ಒಮ್ಮೆ ಅವರ ದೇಶದಾಗ ಇಲೆಕ್ಷನ್ ಇದ್ದಾಗ ಇಂಜಿನಿಯರ್ ಕಾರಿನ ಹಿಂದ ನೀಲಿ ರಿಬ್ಬನ್ ಕಟ್ಟಿಬಿಟ್ಟೆ. ಪುಣ್ಯಾತ್ಮ ದೂರದ ರುಸ್ತಾಕ್ ಊರ ತನಕ ಹೋಗಿ ಬಂದ, ಗೊತ್ತಾಗಲಿಲ್ಲ! ಈಗೂ ನೆನಸಿದ್ರ ಹೊಟ್ಟಿ ಹಿಡಕೊಂಡು ನಗತೀನಿ.

ಬರಬರತ ಆ ಜಗಳನ ಉಳೀಲಿಲ್ಲ. ಅವರ ದೇಶದಾಗ ಮೂರನೇದೊಂದು ಪಕ್ಷ ಎದ್ದಿತ್ತು, ಹೊರಗಿನವ್ರನ್ನ ಓಡಸ್ರಿ ಅಂತ ಒದರಕೋತ. ಇಬ್ಬರೂ ಕೂಡೇ ಅದನ್ನ ಬೈಯೋರು. ಜಗಳ ಇಲ್ಲದ ಚಾ ಸಪ್ಪಗಾಗಿತ್ತು.

ನನಗೂ ಒಂದು ಸಂಕಟ ಇತ್ತು. ನನ್ನ ಮಗಳು ಅದ ಬ್ರಿಟನ್‌ದಾಗ ನರ್ಸ್. ಕಾಯಂ ಇರೋ ಪರವಾನಗಿ ಇನ್ನೇನು ಕೈಗೆ ಬರೋದಿತ್ತು, ಅಷ್ಟರಾಗ ಫೋನ್ ಮಾಡಿದ್ಲು, “ಪಪ್ಪಾ, ಇನ್ನೂ ಭಾಳ ವರ್ಷ ಕಾಯಿಸ್ಬೇಕಂತ ಇಲ್ಲಿ ಲೀಡರ್‌ಗಳು ಅನ್ಲಿಕತ್ಯಾರ.” ಮುದುಕ್ರ ಮುಂದ ಹೇಳಿದೆ.

“ಅದು ಆ ಹೊಸಾ ಮಂದಿ ಮಾತು. ನಮ್ಮವ್ರು ಹಂಗ ಅನ್ನಂಗಿಲ್ಲ,” ಅಂದ್ರು, ಇಬ್ಬರೂ.

ಹಂಗೇನು? ಮೂರೂ ಪಕ್ಷದ ಲೀಡರ್‌ಗಳು ಹೊರಗಿನವ್ರ ಬಗ್ಗೆ ಆಡಿದ ಮಾತು ಪೇಪರ್‌ನಿಂದ ಕತ್ತರಿಸಿ, ಹೆಸರು ತಗದು, ಮೂರು ಚೀಟಿ ಮಾಡಿ ಟೇಬಲ್ ಮ್ಯಾಲೆ ಇಟ್ಟೆ. “ಹೊಸಾ ಪಕ್ಷದ್ದು ಯಾವ್ದು, ಹೇಳ್ರೆಪಾ.”

ಇಂಜಿನಿಯರ್ ಒಂದು ಎತ್ತಿ, “ಥೂ, ಇದ! ವಾಸನಿನ ಹೇಳತದ,” ಅಂದ. ಅದು ಕೆಂಪು ಪಕ್ಷದ್ದು.

“ನಿನಗೇನ್ ತಿಳೀತದೋ ಮುದ್ಯಾ, ಇದು ನೋಡು,” ಅಂತ ಆಡಿಟರ್ ಇನ್ನೊಂದು ಎತ್ತಿದ. ಅದು ನೀಲಿದು. ಹೊಸಾ ಪಕ್ಷದ ಚೀಟಿ ಕಪ್ಪಿನ ಬಾಜೂಕ ಆರಾಮ ಕೂತಿತ್ತು.

ಯಾವ್ದು ಯಾರ್ದಂತ ಹೇಳಿ, “ಖಲಾಸ್!” ಅಂತ ನಕ್ಕೆ. ಅವರು ನಗಲಿಲ್ಲ.

“ವೋಟು ಹೋಗತಾವ ಅಂತ ಹೆದರಿ ನಮ್ಮವ್ರೂ ಆ ಮಂದೀ ಮಾತನ್ನ ಆಡ್ಲಿಕತ್ಯಾರ,” ಅಂದ ಇಂಜಿನಿಯರ್.

“ನಿಮ್ಮವ್ರಕಿಂತ ಮೊದಲು ನಮ್ಮವ್ರು ಹೆದರ್ಯಾರ, ಬಿಡು,” ಅಂದ ಆಡಿಟರ್.

ಮುಂದಿನ ಶುಕ್ರವಾರ ಇಬ್ಬರೂ ಒಂದೊಂದು ಟೈಪ್ ಮಾಡಿದ ಹಾಳಿ ತಂದ್ರು. ತಮ್ಮ ತಮ್ಮ ಊರಿನ ಎಂಪಿಗೆ ಪತ್ರ. ಸಹಿ ಮ್ಯಾಲೆ ಬೊಟ್ಟು ಇಟ್ಟು ಮುಚ್ಚಿ, “ಈಗ ನೀ ಹೇಳು, ಯಾವ್ದು ಯಾರ್ದು?” ಅಂದ್ರು. ಎರಡರಾಗೂ ಅದ ಮಾತು: ನನ್ನ ಗೆಳೆಯಾನ ಮಗಳು ನಮ್ಮ ರೋಗಿಗಳ ಸೇವಾ ಮಾಡತಾಳ, ಕೊಟ್ಟ ಮಾತಿನಂಗ ಆಕಿನ್ನ ಇರಗೊಡ್ರಿ.

ಕಣ್ಣು ಮಂಜಾದ್ವು, ತಪ್ಪು ಹೇಳಿದೆ. ಮೂವತ್ತು ವರ್ಷದಾಗ ಸೋತದ್ದು ಅದೊಂದ ಸಲ. ಬೇಕಂತನ ಸೋತೆ ಅಂತ ಮಗಳ ಮುಂದ ಹೇಳೀನಿ. ಆಕೀ ಪರವಾನಗಿ ಇನ್ನೂ ಬಂದಿಲ್ಲ.

ಅವತ್ತು ನಾ ಸೋತದ್ದ ತಡ, “ಪತ್ರದ ವಿಚಾರ ಮೊದಲು ನಂದು,” ಅಂದ ಇಂಜಿನಿಯರ್. “ಸುಳ್ಳ, ನಂದು!” ಅಂತ ಆಡಿಟರ್ ಟೇಬಲ್ ಗುದ್ದಿದ. ಭಾಳ ದಿವಸದ ಮ್ಯಾಲೆ ಮತ್ತ ಚಾ ಆರಿ ಕೆನಿಗಟ್ಟಿತು.