ಮೇಲಿನ ಮಹಡಿಯ ಕೌದಿ ಪ್ರಬಂಧ

ನಾನು ನಿಂತದ್ದು ವಿಭಾಗದ ಸೆಮಿನಾರ್ ಹಾಲಿನ ಹಿಂಬಾಗಿಲ ಪಕ್ಕ, ಲೈಟಿನ ಸ್ವಿಚ್ಚುಗಳಿಗೆ ಕೈ ಎಟುಕುವಷ್ಟು ಹತ್ತಿರ. ಹೋದ ವರ್ಷದ ಹಿಂದಿನ ವರ್ಷ, ಆಷಾಢದ ಒಂದು ಬುಧವಾರ, ಬೆಳಿಗ್ಗೆ ಹನ್ನೊಂದೂಕಾಲು. ನಾನು ಧಾರವಾಡದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಹಾಯಕ. ಕಂಪ್ಯೂಟರಿನ ಹುಡುಕಾಟವನ್ನು ಪರದೆಯ ಮೇಲೆ ತೋರಿಸಬೇಕಾದೀತು ಎಂದು ಕರೆಸಿದ್ದರು. ಕೂತುಕೋ ಎಂದು ಯಾರೂ ಹೇಳಲಿಲ್ಲ. ನಿಂತಲ್ಲಿಂದ ಕೆಲವರ ಮುಖ, ಕೆಲವರ ಬೆನ್ನು ಕಂಡವು. ಕಂಡದ್ದನ್ನಷ್ಟೇ ಬರೆಯುತ್ತೇನೆ.

ಅಂದು ಗಬ್ಬೂರಿನ ಮೆಕ್ಯಾನಿಕ್ ಒಬ್ಬರ ಮಗಳ ಪಿಎಚ್‌ಡಿ ವೈವಾ. ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೊದೆಯುವ ಕೌದಿ ಹೊಲಿಯುವ ಹೆಂಗಸರ ಮನೆಮನೆಗೆ ಹೋಗಿ, ಹೊಲಿಗೆಗೆ, ಅಂಚಿಗೆ, ಒಂದೊಂದು ತುಂಡಿಗೆ ಅವರಿಟ್ಟ ಹೆಸರುಗಳನ್ನು ಆ ಹುಡುಗಿ ಐದು ವರ್ಷ ಕೂಡಿಸಿದ್ದಳು. ಅವತ್ತು ಪಾಸಾದರೆ ಗೋಕುಲ ರಸ್ತೆಯ ಒಂದು ಕಾಲೇಜಿನಲ್ಲಿ ಅವಳಿಗೆ ನೌಕರಿ ಕಾದಿತ್ತು. ಅದು ಎಲ್ಲರಿಗೂ ಗೊತ್ತಿತ್ತು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಪ್ರಬಂಧ ಸಲ್ಲಿಸುವ ಮೊದಲು, ಈ ವಿಷಯದ ಮೇಲೆ ಹಿಂದೆ ಯಾರೂ ಕೆಲಸ ಮಾಡಿಲ್ಲ ಎಂದು ಗ್ರಂಥಾಲಯ ಬರೆದುಕೊಡಬೇಕು. ಮೊದಲು ಇದಕ್ಕೆ ಮೂರು ದಿನ ಹಿಡಿಯುತ್ತಿತ್ತು. ಕಾರ್ಡಿನ ಡ್ರಾಯರುಗಳನ್ನು ಎಳೆದು ನೋಡಿ, ಮೇಲಿನ ಮಹಡಿಗೆ ಹೋಗಿ ಹಳೆಯ ಪ್ರಬಂಧಗಳ ಬೆನ್ನ ಮೇಲಿನ ಹೆಸರು ಒಂದೊಂದಾಗಿ ಓದಿ, ಆಮೇಲೆ ಸಹಿ. ಎಐ ಹುಡುಕಾಟ ಬಂದ ಮೇಲೆ ಡ್ರಾಯರುಗಳು ಸೈಕಲ್ ಸ್ಟ್ಯಾಂಡಿನ ಹಿಂದೆ ಹೋದವು. ಈ ಹೊಸದಕ್ಕೆ ಕಾಣುವುದು ಕಂಪ್ಯೂಟರಿಗೆ ಏರಿಸಿದ್ದು ಮಾತ್ರ. ನಮ್ಮ ಹಳೆಯ ಕನ್ನಡ ಪ್ರಬಂಧಗಳನ್ನು ಯಾರೂ ಏರಿಸಿರಲಿಲ್ಲ. ಎಐ ಹುಡುಕಾಟ ತಂದ ಸಮಿತಿಗೆ ಇದು ತಿಳಿದಿತ್ತು. ತಿಳಿದೇ ಅವರು ಉದ್ಘಾಟನೆಯ ದಿನ ಮಾನಿಟರಿಗೆ ಮಾಲೆ ಹಾಕಿ, ಕರ್ಪೂರ ಬೆಳಗಿ, ಪೇಡೆ ಹಂಚಿದರು.

ಆ ಹುಡುಗಿಯ ಸರ್ಟಿಫಿಕೇಟಿಗೆ ಅವಳ ಗೈಡ್ ಒಬ್ಬರೇ ಬಂದಿದ್ದರು. ಪ್ರಾಧ್ಯಾಪಕರು, ನನಗಿಂತ ಚಿಕ್ಕವರು. ನನ್ನ ಕುರ್ಚಿಯ ಹಿಂದೆ ನಿಂತು ಏನು ಟೈಪ್ ಮಾಡಬೇಕೆಂದು ಇಂಗ್ಲಿಷಿನಲ್ಲಿ ಹೇಳಿದರು. ಉತ್ತರ ಕೂಡಲೇ ಬಂತು: ಈ ವಿಷಯದಲ್ಲಿ ಹಿಂದಿನ ಯಾವ ಅಧ್ಯಯನವೂ ಇಲ್ಲ, ನಿಮ್ಮದೇ ಮೊದಲನೆಯದು. ಜೊತೆಗೆ ಅಭಿನಂದನೆ ಬೇರೆ. ಅಷ್ಟು ಸಲೀಸಾಗಿ ಯಾರಾದರೂ ಮಾತಾಡಿದರೆ ನಮ್ಮ ಓಣಿಯಲ್ಲಿ ಅವರಿಗೆ ಹೆಣ್ಣು ಕೊಡುವುದಿಲ್ಲ.

"ಸರ್, ಒಮ್ಮಿ ಮ್ಯಾಲೆ ಹೋಗಿ ನೋಡಿ ಬರ್ತೇನ್ರಿ," ಎಂದೆ.

"ಅದು ಕೋಟಿಗಟ್ಲೆ ಲೇಖನ ನೋಡಿ ಬಂದೈತಿ. ನೀವ್ ಮ್ಯಾಲೆ ಹೋಗಿ ಏನ್ ನೋಡ್ತೀರಿ, ಗುಬ್ಬಿ ಗೂಡ?"

ಮಳೆ ಬರುತ್ತಿತ್ತು. ನನ್ನ ಮೊಣಕಾಲು ನೋಯುತ್ತಿತ್ತು. ನವನಗರದ ಬಸ್ಸಿಗೆ ಹೊತ್ತಾಗಿತ್ತು. ಸಹಿ ಮಾಡಿದೆ.

ವೈವಾದ ದಿನ ಅದೇ ಗೈಡ್ ಎದ್ದು, ಕೌದಿಯ ಮೇಲೆ ಇದೇ ಮೊದಲ ಪ್ರಬಂಧ ಎಂದು ಮೂರು ಸಲ ಹೇಳಿದರು. ಇಂಥ ವೈವಾಕ್ಕೆ ಯಾರು ಬೇಕಾದರೂ ಬಂದು ಕೂರಬಹುದು, ಪ್ರಶ್ನೆ ಕೇಳಬಹುದು. ಕೊನೆಯ ಸಾಲಿನಿಂದ ಒಬ್ಬ ನಿವೃತ್ತ ಶಿಕ್ಷಕಿ, ನಮ್ಮ ಕಡೆಯ ಮಾತಿನಲ್ಲಿ ಅಕ್ಕೋರು, ಎದ್ದರು. ದಿನಾ ನಮ್ಮಲ್ಲಿಗೆ ಪೇಪರ್ ಓದಲು ಬರುತ್ತಿದ್ದವರು.

"ಒಂದ್ ಮಾತ್ ಕೇಳ್ಲೇನ್ರಿ?"

"ಕೇಳ್ರಿ ಅಕ್ಕೋರ," ಎಂದರು ಗೈಡ್.

"ಇದ ಮೊದಲನೇದು ಅಂತ ಯಾರ್ ಹೇಳಿದ್ರು?"

"ಎಐ ಹೇಳೇತ್ರಿ. ಲೈಬ್ರರಿ ಸರ್ಟಿಫಿಕೇಟೂ ಐತಿ."

"ಅದು ಮ್ಯಾಲಿನ ಮಹಡಿ ಹತ್ತಿತ್ತೇನ್ರಿ?"

ಒಂದಿಬ್ಬರು ನಕ್ಕರು. ಅಕ್ಕೋರು ನಗಲಿಲ್ಲ. "ಅಲ್ಲೆ ಕಿಟಕಿ ಬಾಜೂ ಕಪಾಟಿನ್ಯಾಗ ನಂದೊಂದು ಐತಿ. ಕೌದಿ ಮ್ಯಾಲಿಂದ. ನಲವತ್ತು ವರ್ಷ ಆತು. ಈಗೂ ಐತೋ ಇಲ್ಲೋ, ಇವರನ್ನ ಕೇಳ್ರಿ," ಎಂದು ನನ್ನ ಕಡೆ ತಿರುಗಿದರು.

ನಾನು ಬಾಯಿ ಬಿಡುವ ಮೊದಲೇ ಗೈಡ್, ಇನ್ನೊಮ್ಮೆ ಹುಡುಕಿರಿ, ಎಲ್ಲರೂ ನೋಡಲಿ, ಎಂದರು. ಕೌದಿಯ ಮೇಲೆ ಕನ್ನಡದಲ್ಲಿ ಪ್ರಬಂಧ ಇದೆಯೇ ಎಂದು ಕೇಳಿದೆ. ಅದು ಈಗ ಕ್ಷಮೆ ಕೇಳಿತು. ಇವೆ, ಎಂದು ಮೂರು ಪ್ರಬಂಧಗಳ ಹೆಸರು ಕೊಟ್ಟಿತು. ಆ ಮೂರೂ ಎಲ್ಲಿಯೂ ಇಲ್ಲ; ಆಮೇಲೆ ನಾನೇ ಹುಡುಕಿ ನೋಡಿದ್ದೇನೆ. ಅಕ್ಕೋರದ್ದು ಅದರಲ್ಲಿ ಇರಲಿಲ್ಲ. ಮೂರನೆಯದನ್ನು ಬರೆದವರು ಎಂದು ತೋರಿಸಿದ್ದು ಗೈಡ್ ಅವರ ಹೆಸರನ್ನೇ.

ಅವರು ಅದನ್ನು ಓದಿದರು. ನಾನು ಮನಸ್ಸಿನಲ್ಲಿ ಎಣಿಸಿದೆ, ಏಳರವರೆಗೆ ಬಂದೆ. ಆಮೇಲೆ ಅವರು ಹೇಳಿದ್ದು ಇದು: "ಇರಬಹುದು. ನೆನಪಾಗವಲ್ದು."

ತಾನು ಬರೆಯದ ಪುಸ್ತಕವನ್ನು ಏಳು ಎಣಿಸುವಷ್ಟರಲ್ಲಿ ತನ್ನದೆಂದು ಒಪ್ಪಿಕೊಂಡ ಮನುಷ್ಯನನ್ನು ನಾನು ಅವತ್ತೇ ಮೊದಲು ನೋಡಿದ್ದು.

ಗ್ರಂಥಾಲಯಕ್ಕೆ ಹೋಗಿ ಮಹಡಿ ಹತ್ತಿದೆ. ಕಿಟಕಿ ಪಕ್ಕದ ಕಪಾಟು, ಕೆಳಗಿನಿಂದ ಎರಡನೆಯ ಸಾಲು, ಕಂದು ರಟ್ಟು. ಹುಡುಕಲು ನಾಲ್ಕು ನಿಮಿಷವೂ ಬೇಕಾಗಲಿಲ್ಲ. ಹಿಂದಿನ ಪುಟದ ಚೀಟಿಯಲ್ಲಿ ಎರಡು ಕಡೆ ನನ್ನದೇ ಅಕ್ಷರ. ಹಿಂದೆ ಎರಡು ಸಲ ಅದನ್ನು ಓದಲು ಕೊಟ್ಟವನು ನಾನೇ.

ಹೊರಗಿನಿಂದ ಬಂದ ಪರೀಕ್ಷಕರು ಎರಡೂ ಪ್ರಬಂಧಗಳನ್ನು ಅಕ್ಕಪಕ್ಕ ತೆರೆದು ಬಹಳ ಹೊತ್ತು ಓದಿದರು. ಹುಡುಗಿ ಹೊಸದಾಗಿ ಕಂಡೆನೆಂದು ಬರೆದದ್ದರಲ್ಲಿ ಅರ್ಧದಷ್ಟು ಹಳೆಯದರಲ್ಲಿ ಇತ್ತು. "ಇವತ್ತು ಮುಗಿಸಾಕ ಬರಂಗಿಲ್ಲವ್ವ. ಇದನ್ನ ಓದಿ, ತಿದ್ದಿ, ಮತ್ತ ಬಾ," ಎಂದರು. ಗೈಡ್, ತಂತ್ರಜ್ಞಾನ ಇನ್ನೂ ಕಲಿಯುತ್ತಿದೆ ಎಂದರು. ಅವರು ಕಲಿಯುವುದು ಮುಗಿದು ಬಹಳ ದಿನವಾಗಿತ್ತು.

ಹುಡುಗಿ ಲ್ಯಾಪ್‌ಟಾಪಿನ ವೈರು ಸುತ್ತುತ್ತ ನನ್ನ ಹತ್ತಿರ ಬಂದಳು. "ಅವತ್ತು ಮ್ಯಾಲೆ ನೋಡಿದ್ರೇನ್ರಿ ಸರ್?"

"ಇಲ್ಲವ್ವ."

ಅವಳು ವೈರನ್ನು ಚೀಲಕ್ಕೆ ಹಾಕಿದಳು. ಗೋಕುಲ ರಸ್ತೆಯ ನೌಕರಿ ಆ ವರ್ಷ ಬೇರೆಯವರಿಗೆ ಹೋಯಿತು.

ಅಕ್ಕೋರು ತಮ್ಮ ಪ್ರಬಂಧವನ್ನು ತಾವೇ ಅವಳ ಕೈಗಿಟ್ಟರು. "ನಾ ನಮ್ಮ ಓಣಿ ಮನಿಗಳನ್ನ ಬಿಟ್ಟು ಹೋಗ್ಲಿಲ್ಲ. ನಿಮ್ಮ ಗಬ್ಬೂರ ಮಂದಿ ಕೌದಿ ನನ್ನದ್ರಾಗ ಇಲ್ಲ. ನೀ ಎರಡೂ ಕಡೆ ಹೋಗೀದಿ. ಅದನ್ನ ಬರಿ." ಅವಳು ಬರೆದಳು. ಮುಂದಿನ ವರ್ಷ ಡಿಗ್ರಿ ಆಯಿತು. ಮೊದಲನೆಯದು ಎಂಬ ಮಾತು ಆ ಪ್ರಬಂಧದಲ್ಲಿ ಎಲ್ಲಿಯೂ ಇಲ್ಲ. ಅದಕ್ಕೆ ನಾನು ಮೂರು ದಿನ ಹುಡುಕಿ, ಅಕ್ಕೋರ ಪ್ರಬಂಧದ ಹೆಸರನ್ನೂ ಬರೆದು ಸರ್ಟಿಫಿಕೇಟ್ ಕೊಟ್ಟೆ.

ಮೊದಲಿನ ಸರ್ಟಿಫಿಕೇಟ್ ಈಗಲೂ ಫೈಲಿನಲ್ಲಿದೆ, ನನ್ನ ಸಹಿಯೊಡನೆ. ನಾನು ಸಹಿ ಹಾಕಿದ್ದನ್ನು ಕಣ್ಣಾರೆ ಕಂಡವರು ಗೈಡ್ ಒಬ್ಬರೇ. ಅವರು ಇದ್ದಾರೆ, ಎಐ ಹುಡುಕಾಟದ ತರಬೇತಿ ಕೊಡುತ್ತ ಊರೂರು ತಿರುಗುತ್ತಾರೆ. ಸೆಮಿನಾರ್ ಹಾಲಿನಲ್ಲಿ ನಡೆದದ್ದನ್ನು ಕಂಡ ಪರೀಕ್ಷಕರು ಈ ಬೇಸಿಗೆಯಲ್ಲಿ ತೀರಿಕೊಂಡರು. ಅಕ್ಕೋರು ನವನಗರದಲ್ಲಿದ್ದಾರೆ, ಕಣ್ಣು ಮಂದವಾಗಿವೆ, ಕಿವಿ ಚೆನ್ನಾಗಿವೆ. ಗಬ್ಬೂರಿನ ಆ ಹುಡುಗಿ ಇದ್ದಾಳೆ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಅವಳನ್ನು ಕೇಳಿ.