ಯಾರಿಗೂ ಬೇಡವಾದ ರೂಮು

ನನ್ನ ಚಿಕ್ಕಮ್ಮ ಬಟ್ಟೆ ಹೊಲಿಯುತ್ತಾಳೆ, ಚಿಕ್ಕಪ್ಪ ಕಿಟಕಿಗಳಿಗೆ ಗಾಜು ಕತ್ತರಿಸುತ್ತಾನೆ. "ಈ ಮನೇಲಿ ಇಬ್ಬರೂ ಕತ್ತರಿಸೋರೇ, ಜೋಡಿಸೋಕೆ ನೀನೇ ಬರ್ಬೇಕು ಕಣೇ" ಎಂದು ಅವಳು ನನ್ನನ್ನು ಕರೆಯುವುದು. ಮಧ್ಯಾಹ್ನ ಊಟವಾದ ಮೇಲೆ ಚಿಕ್ಕಪ್ಪ ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಾನೆ. ಮಿಷನ್ ಓಡುತ್ತಿದ್ದರೆ ನಿದ್ದೆ, ನಿಂತರೆ ಎಚ್ಚರ.

ಅವನ ಕಣ್ಣಿಗೆ ಪೊರೆ ಬಂದಿತ್ತು. ಗಾಜಿನ ಮೇಲೆ ತಾನೇ ಎಳೆದ ಗೆರೆ ತನಗೇ ಕಾಣುತ್ತಿರಲಿಲ್ಲ. ಆಪರೇಷನ್ನಿಗೆ ದಿನ ಗೊತ್ತಾದಾಗ ಒಮ್ಮೆ ನೆಗಡಿಯೆಂದು, ಇನ್ನೊಮ್ಮೆ ಅಂಗಡಿಯಲ್ಲಿ ಕೆಲಸವೆಂದು ತಪ್ಪಿಸಿಕೊಂಡಿದ್ದ. ಈ ಸಲದ ನೆಪ ರೂಮು. ಆಸ್ಪತ್ರೆ ಇದ್ದದ್ದು ದೂರದಲ್ಲಿ. ಆಪರೇಷನ್ ಆದ ಮೇಲೂ ಕೆಲವು ದಿನ ಅಲ್ಲೇ ಉಳಿಯಬೇಕಿತ್ತು.

"ರೂಮ್ ಸಿಕ್ಕಿದ್ರೆ ಹೋಗೋಣ. ಇಲ್ಲಾಂದ್ರೆ ಮುಂದಿನ ತಿಂಗಳು ನೋಡಿದ್ರಾಯ್ತು," ಎಂದ. ಸಿಗದಿದ್ದರೇ ಒಳ್ಳೆಯದು ಎಂದು ಮುಖದಲ್ಲೇ ಬರೆದಿತ್ತು.

ಮುಂದಿನ ತಿಂಗಳು ಬಂದರೆ ಇನ್ನೊಂದು ನೆಪ ಹುಟ್ಟುತ್ತದೆಂದು ಚಿಕ್ಕಮ್ಮನಿಗೆ ಗೊತ್ತಿತ್ತು. ನಾನು ಫೋನು ಹಿಡಿದು ಅವಳ ಪಕ್ಕ ಕುಳಿತೆ. ಆಸ್ಪತ್ರೆಯ ಎದುರು ರಸ್ತೆಯಲ್ಲೇ ಒಂದು ಲಾಡ್ಜು, ಮೆಟ್ಟಿಲು ಹತ್ತಬೇಕಾಗಿಲ್ಲದ ರೂಮು, ದರವೂ ಕೈಗೆಟುಕುವಂತಿತ್ತು.

"ಬುಕ್ ಮಾಡ್ಲಾ, ಚಿಕ್ಕಮ್ಮ?"

"ತಾಳೇ. ಇನ್ನೊಂದು ಸಲ ಅಳೆದು ನೋಡು."

ಎರಡು ಸಲ ಅಳೆಯದೆ ಅವಳು ಬಟ್ಟೆಗೆ ಕತ್ತರಿ ಇಟ್ಟವಳಲ್ಲ. ನಾನು ಬೇರೆ ಕಡೆ ಹುಡುಕಿದೆ. ಒಂದರಲ್ಲಿ ಅಗ್ಗದ ದರ ತೋರಿಸಿ, ಕೊನೆಗೆ ಅದೂ ಇದೂ ಸೇರಿಸಿ ಏರಿಸಿಬಿಟ್ಟರು. "ಕಾಜಾಕ್ಕೆ ಬೇರೆ, ಗುಂಡಿಗೆ ಬೇರೆ ಅನ್ನೋ ಟೈಲರ್ ಇವನು," ಎಂದಳು ಚಿಕ್ಕಮ್ಮ. ಇನ್ನೊಂದು ಮೂರನೇ ಮಹಡಿ, ಲಿಫ್ಟಿಲ್ಲ. ತಿರುಗಿ ಮೊದಲನೆಯದಕ್ಕೆ ಬರುವಷ್ಟರಲ್ಲಿ ಅದು ಹೋಗಿತ್ತು.

"ಹೋಯ್ತಾ? ಹೋಗ್ಲಿ ಬಿಡು, ಪಾಪ," ಎಂದ ಚಿಕ್ಕಪ್ಪ, ಚಾಪೆಯ ಮೇಲಿಂದ. ಅವನ ದನಿಯಲ್ಲಿ ಹಾಲು ಕುಡಿದಷ್ಟು ಸಂತೋಷ.

ಚಿಕ್ಕಮ್ಮ ತುಟಿಯ ನಡುವೆ ಹಿಡಿದಿದ್ದ ಗುಂಡುಸೂಜಿಯನ್ನು ತೆಗೆದಳು. "ಆ ಲಾಡ್ಜಿಗೇ ಫೋನ್ ಮಾಡು."

"ಖಾಲಿ ಇಲ್ಲ ಅಂತ ಇಲ್ಲೇ ತೋರಿಸ್ತಿದೆಯಲ್ಲ."

"ಥಾನು ಮುಗೀತು ಅಂದ್ರೆ ತುಂಡು ಬಟ್ಟೆನೂ ಮುಗೀತು ಅಂತಲ್ಲ. ಮಾಡು."

ಸ್ಪೀಕರ್ ಹಾಕಿ ಮಾಡಿದೆ. ಫೋನೆತ್ತಿದ ಹೆಂಗಸೂ ಅದನ್ನೇ ಹೇಳಿದಳು. ಎಲ್ಲ ಭರ್ತಿ.

"ಯಾರೂ ಬೇಡ ಅನ್ನೋ ರೂಮು ಒಂದು ಇದ್ದೇ ಇರುತ್ತಲ್ಲಮ್ಮ, ಅದನ್ನ ಹೇಳಿ," ಎಂದಳು ಚಿಕ್ಕಮ್ಮ.

ಆ ಕಡೆಯಿಂದ ನಗು ಕೇಳಿತು. "ಒಂದಿದೆ. ಕೆಳಗೇ ಇದೆ, ಹಿಂದುಗಡೆ. ಆದ್ರೆ ಗೋಡೆ ಆಚೆ ನಮ್ಮ ಹೊಲಿಗೆ ಕೋಣೆ. ಹರಿದ ಹಾಸು, ಪರದೆ ಎಲ್ಲ ಅಲ್ಲೇ ಹೊಲಿಯೋದು. ಹಗಲೆಲ್ಲ ಮಿಷನ್ ಕಟಕಟ. ಬಂದೋರೆಲ್ಲ ಜಗಳ ಮಾಡಿ ಎದ್ದು ಹೋದ್ರು. ಅದಕ್ಕೇ ಅದನ್ನ ಆ್ಯಪಿಗೆ ಹಾಕಿಲ್ಲ. ತಗೊಳ್ಳೋದಾದ್ರೆ ಅರ್ಧ ದರಕ್ಕೆ ಕೊಡ್ತೀನಿ."

"ಎಲ್ಲಾ ಸೇರಿ?"

"ಎಲ್ಲಾ ಸೇರಿ."

ಚಿಕ್ಕಮ್ಮ ಗಂಡನ ಕಡೆ ನೋಡಿದಳು. ಈ ಸಲ ಅಳೆಯಲಿಲ್ಲ. "ಆ ರೂಮು ನಮಗೇ ಇಡಿ," ಎಂದಳು ಫೋನಿನಲ್ಲಿ.

ಚಿಕ್ಕಪ್ಪ ಗೋಡೆ ಕಡೆ ಮಗ್ಗುಲಾದ.

ನಾನೂ ಜೊತೆಗೆ ಹೋದೆ. ಆಪರೇಷನ್ ಮುಗಿಸಿ ಕರೆತಂದಾಗ ಅವನ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಮಂಚದ ಮೇಲೆ ಕೊರಡಿನಂತೆ ಬಿಗಿದುಕೊಂಡು ಮಲಗಿದ, ಚಿಕ್ಕಮ್ಮನ ಕೈ ಬಿಡಲಿಲ್ಲ. ಅಷ್ಟರಲ್ಲಿ ಗೋಡೆಯಾಚೆ ಮಿಷನ್ ಓಡತೊಡಗಿತು.

"ನೀನೇನೇ?" ಎಂದ.

"ನನ್ನ ಕೈ ನೀವು ಹಿಡ್ಕೊಂಡಿದೀರಲ್ರೀ. ಅದು ಆ ಕಡೆಯವಳು. ಕಾಲು ನನಗಿಂತ ನಿಧಾನ."

ಅವನು ನಕ್ಕ. ಬೆರಳುಗಳು ಒಂದೊಂದಾಗಿ ಸಡಿಲವಾದವು. ಅವನು ಗೊರಕೆ ಹೊಡೆಯತೊಡಗಿದ ಮೇಲೂ ಚಿಕ್ಕಮ್ಮ ಕೈ ತೆಗೆಯದೆ ಕುಳಿತಿದ್ದಳು. ಹಗಲಿನಲ್ಲಿ ಅವಳು ಕೆಲಸವಿಲ್ಲದೆ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಪಟ್ಟಿ ಬಿಚ್ಚಿದ ದಿನ ಆಸ್ಪತ್ರೆಯಲ್ಲಿ ಕಣ್ಣು ಕಾಣುತ್ತಿದೆಯೇ ಎಂದು ಅವನನ್ನು ಕೇಳಲು ನಮಗೆ ಧೈರ್ಯ ಬರಲಿಲ್ಲ. ರೂಮಿಗೆ ಬಂದವನೇ ಕಿಟಕಿಯ ಮುಂದೆ ನಿಂತ. ಗಾಜಿನ ಅಂಚಿನ ಮೇಲೆ ಮೆಲ್ಲಗೆ ಬೆರಳಾಡಿಸಿದ.

"ಯಾವನೇ ಇದನ್ನ ಕತ್ತರಿಸಿದ್ದು? ಕೂದಲೆಳೆಯಷ್ಟು ಓರೆಯಾಗಿದೆ."

ನಾನು ಹತ್ತಿರ ಹೋಗಿ ನೋಡಿದೆ. ನನಗೆ ನೆಟ್ಟಗೇ ಕಂಡಿತು. ಚಿಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಇನ್ನೊಂದು ಸಲ ಅಳೆದು ಹೇಳ್ರೀ," ಎಂದಳು.