ಬಲಗಡೆಯ ಹೂವು

ಆ ಹೂವನ್ನು ಹನುಮಪ್ಪ ಬೀಳಿಸಲಿಲ್ಲ. ನಾನು ಬೀಳಿಸಿದೆ.

ಎಂಟು ವರ್ಷ ಈ ಮಾತು ನನ್ನ ಹೊಟ್ಟೆಯಲ್ಲೇ ಇತ್ತು. ಇಂದು ಮಧ್ಯಾಹ್ನ ಒಬ್ಬಳಿಗೆ ಹೇಳಿದ್ದೇನೆ. ಸಂಜೆ ಇನ್ನೊಬ್ಬನಿಗೆ ಹೇಳಬೇಕು. ನಡುವೆ ಸಿಕ್ಕ ಈ ಹೊತ್ತಿನಲ್ಲಿ ಬರೆದಿಡುತ್ತಿದ್ದೇನೆ — ಎದುರಿಗೆ ನಿಂತಾಗ ನಾಲಿಗೆ ಹಿಂದೆ ಸರಿದರೆ ಈ ಕಾಗದವಾದರೂ ಇರಲಿ ಎಂದು.

ಎಂಟು ವರ್ಷದ ಹಿಂದೆ ಆ ಸುದ್ದಿ ಬಂದಾಗ ನಾನು ಹೆಸರುಕಾಳು ಹಸನು ಮಾಡುತ್ತಿದ್ದೆ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಕಲ್ಲು ಆರಿಸಿ ಪಕ್ಕದ ತಟ್ಟೆಗೆ ಹಾಕುತ್ತಿದ್ದೆ. ತೋಟದಲ್ಲಿ ಕಳೆ ತೆಗೆಯಲು ಬರುತ್ತಿದ್ದ ಫಕೀರವ್ವ ಓಡಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಅಕ್ಕಾರ, ಲಗೂನ ಬರ್ರಿ. ನಿಂಗವ್ವಗ ಕಲ್ಲ ಬಡದೈತ್ರಿ. ಕಣ್ಣಿಗೆ... ಮಷೀನಿನ ಕಲ್ಲ.”

ಯಾವ ಮಷೀನು ಎಂದು ನಾನು ಕೇಳಲಿಲ್ಲ. ಎರಡು ಬೆರಳ ನಡುವೆ ಒಂದು ಸಣ್ಣ ಕಲ್ಲು ಇತ್ತು. ಅದನ್ನು ತಟ್ಟೆಗೆ ಹಾಕಿದೆ — ಎಲ್ಲಿಯೂ ಉರುಳದ ಹಾಗೆ, ಮೆಲ್ಲಗೆ. ಆಮೇಲೆ ಎದ್ದೆ. ಆ ಒಂದು ಗಳಿಗೆ ನಾನು ಏಕೆ ತಡ ಮಾಡಿದೆ ಎನ್ನುವುದು ಇವತ್ತಿಗೂ...

ನಿಂಗವ್ವ ನನ್ನ ಮೈದುನ ಶರಣಪ್ಪನ ಹೆಂಡತಿ, ನನ್ನ ನೆಗೆಣ್ಣಿ. ಒಂದೇ ಒಲೆಯ ಮೇಲೆ ಅಡಿಗೆ ಮಾಡಿಕೊಂಡು ಬಂದವರು ನಾವು. ಕುಷ್ಟಗಿಯಿಂದ ಎರಡು ಹರದಾರಿಯಲ್ಲಿ ನಮ್ಮ ಹೊಲ, ಹೊಲದ ಮಗ್ಗುಲಿಗೇ ಮನೆ. ಬಾವಿಗೆ ಪಂಪು ಕೂಡಿಸಿದ ಮೇಲೆ ಅಣ್ಣತಮ್ಮಂದಿರು ದಾಳಿಂಬೆ ಹಚ್ಚಿದರು. ಗಿಡದ ಸಾಲಿನಲ್ಲಿ ಹಾಯಬೇಕೆಂದು ಸಣ್ಣ ಟ್ರ್ಯಾಕ್ಟರು ತಂದರು. ನೀರು ಬಂದಲ್ಲಿ ಹುಲ್ಲೂ ಬಂತು. ಸಾಲಿನ ನಡುವೆ ಮೊಣಕಾಲೆತ್ತರ. ಅದನ್ನು ಕುಡುಗೋಲಿನಿಂದ ಕೊಯ್ದು, ಹೊರೆ ಕಟ್ಟಿ, ಎಮ್ಮೆಗಳಿಗೆ ಹೊತ್ತು ತರುವುದು ನಮ್ಮಿಬ್ಬರ ಪಾಲು. ದಿನಕ್ಕೆ ಎರಡು ಹೊರೆ ಅವಳು, ಎರಡು ಹೊರೆ ನಾನು. ಮೂರನೆಯ ಹೆರಿಗೆಯ ನಂತರ ನನ್ನ ಸೊಂಟ ಮೊದಲಿನಂತೆ ಇರಲಿಲ್ಲ. ಹೊರೆ ಹೊರಲು ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟರೆ ಸಾಕು, ಕಣ್ಣಿಗೆ ಕತ್ತಲು ಬರುತ್ತಿತ್ತು.

ಟ್ರ್ಯಾಕ್ಟರಿನ ಹಿಂದೆ ಸಿಗಿಸುವ ಹುಲ್ಲು ಕೊಯ್ಯುವ ಮಷೀನು ಬಂದಿದೆ ಎಂದು ಕೇಳಿ ಇಬ್ಬರೂ ಗಂಗಾವತಿಗೆ ಹೋಗಿ ನೋಡಿ ಬಂದರು. ಎರಡು ತರದ್ದು ಇತ್ತಂತೆ. ಒಂದು ಮಗ್ಗುಲಿಗೆ ಚಾಚಿದ ಉದ್ದನೆಯ ಪಟ್ಟಿ, ಅದರಲ್ಲಿ ಹಲ್ಲು; ಹಲ್ಲು ಅತ್ತಿತ್ತ ಆಡಿ ಹುಲ್ಲನ್ನು ಬುಡಕ್ಕೆ ಕತ್ತರಿಸಿ, ಇದ್ದ ಉದ್ದಕ್ಕೇ ಮಲಗಿಸುತ್ತದೆ. ಇನ್ನೊಂದು ತಗಡಿನ ಮುಚ್ಚಳದ ಕೆಳಗೆ ಗಿರಗಿರ ತಿರುಗುವ ಬ್ಲೇಡು. ಹುಲ್ಲನ್ನು ಬಡಿದು ಚೂರು ಮಾಡಿ ಅಲ್ಲೇ ನೆಲಕ್ಕೆ ಚೆಲ್ಲುತ್ತದೆ. ನಮ್ಮ ಮನೆಯವರ ಬಾಯಲ್ಲಿ ಮೊದಲನೆಯದು ಕತ್ತರಿ ಆಯಿತು, ಎರಡನೆಯದು ಗಿರಕಿ ಆಯಿತು. ವಾರಗಟ್ಟಲೆ ಊಟದ ಹೊತ್ತಿಗೆ ಅದೇ ಮಾತು.

“ಗಿರಕಿ ಛಲೋ. ಒಂದ ತಾಸಿನ ಕೆಲಸ. ಹಲ್ಲ ಮುರಿಯೂದಿಲ್ಲ, ಏನಿಲ್ಲ,” ಎನ್ನುತ್ತಿದ್ದರು ನಮ್ಮ ಮನೆಯವರು.

“ನಮ್ಮದು ಗರಸ ಭೂಮಿ ಅಣ್ಣಾ. ಗಿರಕಿ ಕಲ್ಲ ಒಗೀತೈತಿ. ಅಂಗಡ್ಯಾವನ ಅಂದಾನ. ಕತ್ತರಿ ತಂದ್ರ ಮೇವರ ಉಳೀತೈತಿ.”

“ಕತ್ತರಿ ಹಿಡಿಯೂ ಆಸೆ ಇದ್ರ ದರ್ಜಿ ಆಗಬೇಕಿತ್ತು ನೀ.”

“ಗಿರಕಿ ಆಡೂ ಆಸೆ ಇದ್ರ ನೀ ಮತ್ತ ಹುಡುಗೂರ ಕೂಡ ಸಾಲಿಗೆ ಹೋಗು!”

ನಾವಿಬ್ಬರೂ ರೊಟ್ಟಿ ಬಡಿಯುತ್ತ ಸೆರಗಿನ ಮರೆಯಲ್ಲಿ ನಗುತ್ತಿದ್ದೆವು. ಆದರೆ ನನ್ನ ಕಿವಿ ಒಂದೇ ಮಾತಿಗೆ ಅಂಟಿಕೊಂಡಿತ್ತು — ಮೇವು ಉಳೀತೈತಿ. ಮೇವು ಉಳಿದರೆ ಹೊರುವವರು ಯಾರು? ಮಷೀನು ಒಂದು ತಾಸಿನಲ್ಲಿ ಕೊಯ್ದು ಮಲಗಿಸಿದ್ದನ್ನು ದಿನವಿಡೀ ಹೊರಬೇಕು. ಗಿರಕಿ ಬಂದರೆ ಹುಲ್ಲು ಮಣ್ಣು ಪಾಲು. ಎಮ್ಮೆಗಳಿಗೆ ಹಿತ್ತಲ ಬಣವೆಯ ಜೋಳದ ಕಣಿಕೆ ಸಾಕು. ನನ್ನ ತಲೆಯ ಮೇಲಿನ ಸಿಂಬಿ ಗೂಟಕ್ಕೆ ಹೋಗುತ್ತದೆ.

ಯಾರೂ ನನ್ನನ್ನು ಕೇಳಲಿಲ್ಲ ಎಂದು ಬರೆಯಲು ಕೈ ಓಡುತ್ತದೆ. ನಿಜ, ಕೇಳಲಿಲ್ಲ. ಆದರೆ ನಾನೂ ಹೇಳಲಿಲ್ಲ. ಸೊಂಟ ನೋಯುತ್ತದೆ ಎಂದು ಒಂದು ಮಾತು ಅಂದಿದ್ದರೆ ಶರಣಪ್ಪನೇ ಹೊರಲು ಆಳು ಹಚ್ಚುತ್ತಿದ್ದ. ಅಂಥ ಮನುಷ್ಯ ಅವನು.

ಕೊನೆಗೆ ಅತ್ತೆ ಬೇಸತ್ತು, “ಎರಡೆತ್ತು ಎರಡ ದಿಕ್ಕಿಗೆ ಎಳದ್ರ ಕುಂಟಿ ಹೊಲಾ ಬಿಡ್ತೈತಿ. ಹನಮಪ್ಪಗ ಹೂ ಹಚ್ಚಿ ಕೇಳ್ರಿ, ಸುಮ್ಮನಾಗ್ರಿ,” ಎಂದರು.

ತೋಟದ ಬೇವಿನ ಮರದ ಬುಡದಲ್ಲಿ ನಮ್ಮ ಹನುಮಪ್ಪ. ಶನಿವಾರ ಶನಿವಾರ ಎಣ್ಣೆ-ಸಿಂಧೂರ ಹಚ್ಚಿ ಪೂಜೆ ಮಾಡುವುದು ಹಿರಿ ಸೊಸೆಯಾದ ನನ್ನ ಕೆಲಸ. ದೇವರಿಗೆ ಹೂ ಹಚ್ಚಿ ಕೇಳುವಾಗ ಎರಡು ಹೂವನ್ನು ಒಂದೇ ನೀರಿನಲ್ಲಿ, ಒಂದೇ ಸಮ ಅದ್ದಿ, ಎರಡು ಭುಜಕ್ಕೆ ಅಂಟಿಸಬೇಕು. ಮೊದಲು ಬಿದ್ದದ್ದೇ ದೇವರ ಮಾತು. ಬಲಕ್ಕೆ ಗಿರಕಿ, ಎಡಕ್ಕೆ ಕತ್ತರಿ ಎಂದು ಗೊತ್ತು ಮಾಡಿದರು. ಎಲ್ಲರೂ ಕೈಮುಗಿದು ಹಿಂದೆ ನಿಂತರು. ನಾನು ಬಾಗಿದೆ.

ಎಡಗಡೆಯ ಕಣಗಿಲೆಯನ್ನು ಪೂರ್ತಿ ಅದ್ದಿ, ಸಿಂಧೂರ ದಪ್ಪವಾಗಿ ಮೆತ್ತಿದ್ದ ಜಾಗ ನೋಡಿ ಹೆಬ್ಬೆರಳಿನಿಂದ ಒತ್ತಿದೆ. ಬಲಗಡೆಯದನ್ನು ಸೆರಗಿನ ಮರೆಯಲ್ಲಿ ಒರೆಸಿ, ಬರೀ ತುದಿ ತಾಗುವ ಹಾಗೆ ಇಟ್ಟೆ.

ಊದುಬತ್ತಿ ಅರ್ಧ ಉರಿಯುವುದರೊಳಗೆ ಬಲಗಡೆಯ ಹೂವು ಬಿತ್ತು. ಗಾಳಿ ಇರಲಿಲ್ಲ. ಅತ್ತೆ ಗಲ್ಲ ಗಲ್ಲ ಬಡಿದುಕೊಂಡರು. ಶರಣಪ್ಪ ಕಲ್ಲಿಗೆ ಹಣೆ ಹಚ್ಚಿ ಎದ್ದು ನನ್ನ ಕಡೆ ನೋಡಿ ನಕ್ಕ.

“ಹನಮಪ್ಪನ ಮುಂದ ನಂದೇನೈತ್ರಿ ವೈನಿ. ಆತು, ಗಿರಕಿನ ತರೂಣು.”

ಆ ನಗು... ಅದರಲ್ಲಿ ಒಂದು ಚೂರೂ ಸೋಲು ಇರಲಿಲ್ಲ. ದೇವರು ಹೇಳಿದ ಮೇಲೆ ಮನಸ್ಸು ಹಗುರಾಗುತ್ತದಲ್ಲ, ಅಂಥ ನಗು.

ಮಷೀನು ಬಂತು. ಹೊಸದಕ್ಕೆ ವಿಭೂತಿ ಹಚ್ಚಿ, ತೆಂಗಿನಕಾಯಿ ಒಡೆದೆವು. ಮೊದಲ ದಿನವೇ ಮನೆಯ ತನಕ ಕೇಳಿತು — ತಗಡಿನ ಒಳಗೆ ಕಲ್ಲು ಬಡಿಯುವ ಸದ್ದು. ಟಣ್. ಆಮೇಲೆ ಸುಮ್ಮನೆ. ಮತ್ತೆ ಟಣ್. ನಾನು ಒಲೆಯ ಮುಂದೆ ಕೂತು ಒಂದೊಂದನ್ನೂ ಕೇಳಿಸಿಕೊಳ್ಳುತ್ತಿದ್ದೆ. ಶರಣಪ್ಪ ಎಲ್ಲರಿಗೂ ತಾಕೀತು ಮಾಡಿದ: ಮಷೀನು ನಡೆದಾಗ ಯಾರೂ ಸಾಲಿನಲ್ಲಿ ಬರಬಾರದು. ಸಿಂಬಿ ಗೂಟಕ್ಕೆ ಹೋಯಿತು. ಸೊಂಟ ಹಗುರಾಯಿತು. ಹನುಮಪ್ಪ ದೊಡ್ಡವನು ಎಂದು ನಾನೇ ಅಂದುಕೊಂಡೆ — ನನ್ನ ಕೈಯಿಂದ ಮಾಡಿದ್ದನ್ನು ಅವನ ಹೆಸರಿಗೆ ಹಾಕಿ, ಅದನ್ನೇ ನಂಬತೊಡಗಿದ್ದೆ. ಅದು ಎಲ್ಲಕ್ಕಿಂತ ಕೆಟ್ಟದ್ದು.

ನಾಲ್ಕನೆಯ ತಿಂಗಳು ಅದು ಆಯಿತು. ನಿಂಗವ್ವ ರೊಟ್ಟಿಯ ಗಂಟು ಹಿಡಿದು ಬದುವಿನ ಮೇಲೆ ನಿಂತಿದ್ದಳು, ಸಾಲಿನಲ್ಲಿ ಅಲ್ಲ, ದೂರದಲ್ಲೇ. ಟ್ರ್ಯಾಕ್ಟರಿನ ಮೇಲೆ ಇದ್ದವನು ಅವಳ ಗಂಡನೇ. ಎಡಗಣ್ಣು ಹೋಯಿತು. ದೊಡ್ಡಾಸ್ಪತ್ರೆಯ ಡಾಕ್ಟರು ಮಾಡುವಷ್ಟು ಮಾಡಿದರು.

ನನಗೆ ಒಂದು ಅಭ್ಯಾಸ ಇದೆ. ಎಂಥ ಕಷ್ಟದಲ್ಲೂ ದೇವರು ಉಳಿಸಿದ್ದನ್ನು ಎಣಿಸಿಕೊಳ್ಳುತ್ತೇನೆ. ಅವತ್ತೂ ಎಣಿಸಿದೆ. ಒಂದು ಕಣ್ಣು ಉಳಿಯಿತು. ಜೀವ ಉಳಿಯಿತು. ಯಾವಾಗಲೂ ತಾಯಿಯ ಸೆರಗು ಹಿಡಿದು ಹೋಗುತ್ತಿದ್ದ ನಿಂಗವ್ವನ ಮಗಳು, ಹತ್ತು ವರ್ಷದ ರೇಣುಕಾ, ಅವತ್ತು ಶಾಲೆಗೆ ಹೋಗಿದ್ದಳು. ಹೀಗೆ ಎಣಿಸಿ ಎಣಿಸಿ, ಎಣಿಸದೆ ಬಿಟ್ಟದ್ದು ಒಂದೇ ಇತ್ತು.

ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ದೇವರನ್ನು ಕೇಳಿ ತಂದದ್ದು, ಯಾರನ್ನು ಬೈಯುವುದು? “ಹನಮಪ್ಪ ಕಣ್ಣ ತಗೊಂಡು ಜೀವ ಬಿಟ್ಟ,” ಎಂದು ಅತ್ತೆ ಬೆಳ್ಳಿಯ ಕಣ್ಣು ಮಾಡಿಸಿ ದೇವರಿಗೆ ಕೊಟ್ಟರು. ಹಾಗೆ ನಂಬಿಕೊಂಡೇ ತೀರಿಹೋದರು. ಆ ಬೆಳ್ಳಿ ಕಣ್ಣುಗಳನ್ನು ಪ್ರತಿ ಶನಿವಾರ ತೊಳೆದು, ಅದೇ ಸಿಂಧೂರದಲ್ಲಿ ಮತ್ತೆ ಕೂಡಿಸುವವಳು ನಾನೇ. ಕೂಡಿಸಿ ಕೈ ತೆಗೆದ ಕೂಡಲೇ ಅವು ನನ್ನನ್ನು ನೋಡುತ್ತವೆ. ಎಂಟು ವರ್ಷ ನಾನು ಕಣ್ಣು ಮುಚ್ಚಿಯೇ ಆರತಿ ಎತ್ತಿದ್ದೇನೆ; ನೋಡಿದವರು ಭಕ್ತಿ ಎಂದುಕೊಂಡರು.

ಶರಣಪ್ಪ ಮಾತ್ರ ಆ ಬೇವಿನ ಮರದ ಕಡೆ ಮತ್ತೆ ಹೋಗಲಿಲ್ಲ. ಒಮ್ಮೆ ನಾನು ಪ್ರಸಾದ ಕೊಡಲು ಹೋದಾಗ ಕೈ ಹಿಂದಕ್ಕೆ ತೆಗೆದುಕೊಂಡ. “ನಾ ಬ್ಯಾಡಂದೆ ವೈನಿ. ಅಂವ ತಗೋ ಅಂದ. ಅಂದು, ನನ್ನ ಕೈಲೇನ ಮಾಡಿಸಿದ,” ಎಂದ. ತೆಂಗಿನ ಚೂರು ನನ್ನ ಅಂಗೈಯಲ್ಲೇ ಉಳಿಯಿತು. ಅವತ್ತೇ ಹೇಳಬೇಕಿತ್ತು.

ಗಿರಕಿಯನ್ನು ಬಿಚ್ಚಿ ದನದ ಕೊಟ್ಟಿಗೆಯ ಹಿಂದೆ ಹಾಕಿದರು. ದೇವರು ಕೊಡಿಸಿದ್ದು ಎಂದು ಮಾರಲಿಲ್ಲ, ಒಡೆಯಲಿಲ್ಲ. ಅದರ ತಗಡಿನ ಕೆಳಗೆ ಕೋಳಿ ಮೊಟ್ಟೆ ಇಡುತ್ತದೆ. ಮೊಟ್ಟೆ ತೆಗೆಯಲು ಕೈ ಹಾಕಿದಾಗ ಒಳಗಿನ ಬ್ಲೇಡು ತಣ್ಣಗೆ ತಾಗುತ್ತದೆ.

ನಿಂಗವ್ವ ಮೊದಲಿನ ಹಾಗೆಯೇ ಎಲ್ಲ ಕೆಲಸ ಮಾಡುತ್ತಾಳೆ. ಒಂದೇ — ಅವಳು ಹಸನು ಮಾಡಿದ ಕಾಳಿನಲ್ಲಿ ಎಡಗಡೆಯ ಕಲ್ಲು ಉಳಿದಿರುತ್ತವೆ. ಅವಳು ನೀರಿಗೆ ಹೋದಾಗ ನಾನು ಕದ್ದು ಇನ್ನೊಮ್ಮೆ ಆರಿಸಿ ಇಡುತ್ತೇನೆ. ಯಾರ ಹಲ್ಲಿಗೂ ಕಲ್ಲು ಸಿಗದೆ ಎಂಟು ವರ್ಷ ನಡೆದಿದೆ. ಇದನ್ನೇ ನನ್ನ ಪ್ರಾಯಶ್ಚಿತ್ತ ಎಂದುಕೊಂಡಿದ್ದೆ. ಎಷ್ಟು ಸೋವಿ ಬೆಲೆ!

ಈಗ ರೇಣುಕಾಳನ್ನು ಎರಡು ಕಡೆಯಿಂದ ಹೆಣ್ಣು ಕೇಳಿದ್ದಾರೆ, ಹಿಟ್ನಾಳದವರೊಬ್ಬರು, ಗಂಗಾವತಿಯವರೊಬ್ಬರು. ಗಂಗಾವತಿಯ ಮನೆ ನೋಡಲು ಶರಣಪ್ಪ ಇಂದು ಬೆಳಿಗ್ಗೆ ಹೋದ. ಮಧ್ಯಾಹ್ನ ನಿಂಗವ್ವ ಮೊರ ಹಿಡಿದುಕೊಂಡು ನನ್ನ ಎದುರಿಗೆ ಬಂದು ಕೂತಳು.

“ಅಕ್ಕಾ, ನಾಳೆ ಶನಿವಾರ. ಹೂ ಹಚ್ಚಿ ಕೇಳೂಣು. ನಮ್ಮ ಮನಿಯವರು ಒಲ್ಲೆ ಅಂತಾರ, ಅನ್ನಲಿ ಬಿಡ್ರಿ. ನೀವ ಹಚ್ಚಬೇಕು. ನಿಮ್ಮ ಕೈಯಾಗ ಹೂ ಲಗೂನ ಬೀಳ್ತೈತಿ.”

ಹಾಗೆಂದು ನಕ್ಕಳು. ಉಳಿದ ಒಂದು ಕಣ್ಣಿನಲ್ಲಿ ಎರಡು ಕಣ್ಣಿನ ನಂಬಿಕೆ ಇತ್ತು.

ನಾಳೆ ಆ ಕಲ್ಲಿನ ಮುಂದೆ ಬಾಗಿ ಈ ಮಗುವಿನ ಬಾಳನ್ನು ಈ ಬೆರಳಿನಿಂದ... ಪ್ರಾಮಾಣಿಕವಾಗಿಯೇ ಹಚ್ಚಿದರೂ, ಹಿಂದಿನದು ನಿಂಗವ್ವನಿಗೆ ಗೊತ್ತಿಲ್ಲದೆ ಹೇಗೆ ಹಚ್ಚಲಿ? ಹೇಳಿಬಿಟ್ಟೆ. ಒರೆಸಿದ ಹೂವು, ಒತ್ತಿದ ಹೂವು, ಸಿಂಬಿ, ಸೊಂಟ ಎಲ್ಲ.

ಅವಳು ಕೈಯಾಡಿಸುವುದನ್ನು ನಿಲ್ಲಿಸಿದಳು.

“ಹೊರಿ ಸಲುವಾಗಿ?”

“ಹೌದವ್ವಾ. ಹೊರಿ ಸಲುವಾಗಿ.”

“ಹೊರಿ ತಪ್ಪಿತು ಅಂತ ನಾನೂ ಅವತ್ತ ಖುಷಿ ಪಟ್ಟಿದ್ದೆ,” ಎಂದಳು. ನನಗೆ ಉಸಿರು ಬಂದ ಹಾಗಾಯಿತು. ಆದರೆ ಅವಳ ಮಾತು ಮುಗಿದಿರಲಿಲ್ಲ. “ನನ್ನ ಕಣ್ಣಿನ ಮಾತ ಇರಲಿ. ಎಂಟ ವರ್ಷ ಅವರು ದೇವರ ಕೂಡ ಮಾತ ಬಿಟ್ಟಾರ. ಅದನ್ನ ಹ್ಯಾಂಗ ಕೊಡ್ತೀರಿ?”

ನಾನು ಅವಳ ಕೈ ಹಿಡಿಯಲು ಹೋದೆ; ಅವಳು ಹಿಂದಕ್ಕೆ ತೆಗೆದುಕೊಂಡಳು.

“ಅವರಿಗೆ ನೀವ ಹೇಳ್ರಿ. ನಾ ಹೇಳಂಗಿಲ್ಲ.” ಮೊರವನ್ನು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದಳು. ಅಕ್ಕಾ ಎನ್ನಲಿಲ್ಲ.

ಶರಣಪ್ಪ ಸಂಜೆಯ ಬಸ್ಸಿಗೆ ಬರುತ್ತಾನೆ. ಕೈಕಾಲು ತೊಳೆಯಲು ನೀರು ಕೊಟ್ಟು, ಅವನು ಊಟಕ್ಕೆ ಕೂಡುವ ಮೊದಲೇ ಹೇಳಬೇಕು. ಉಂಡ ಮೇಲೆ ಅಲ್ಲ. ಅವನು ಬೈಯಬಹುದು, ಒಲೆ ಬೇರೆ ಮಾಡಬಹುದು. ಅದು ಅವನಿಗೆ ಬಿಟ್ಟದ್ದು. ಏನೂ ಅನ್ನದೆ ಆ ದಿನದ ಹಾಗೆ ನಕ್ಕರೆ ಏನು ಮಾಡಲಿ ಎನ್ನುವುದೊಂದೇ ನನ್ನ ಹೆದರಿಕೆ.

ನಿಂಗವ್ವ ಬಿಟ್ಟುಹೋದ ಮೊರ ಇಲ್ಲೇ ಇದೆ. ಅರ್ಧ ಹಸನಾಗಿದೆ, ಎಡಗಡೆ ಕಲ್ಲು ಕಾಣುತ್ತಿವೆ. ಇವತ್ತು ಕದ್ದು ಅಲ್ಲ. ಒಲೆಯ ಮುಂದೆ ಕೂತ ಅವಳಿಗೆ ಕಾಣುವ ಹಾಗೆ, ನಡುಬಾಗಿಲಲ್ಲಿ ಕೂತು ಆರಿಸುತ್ತೇನೆ.